ವಂಕಿಯೋ ಮಾತ್ರೆಯೋ? ಮೊದಲು ಮುಟ್ಟಿನ ಲೆಕ್ಕ ನೋಡಿ

ಗಂಡ ಗಲ್ಫ್‌ನಿಂದ ರಜೆಗೆ ಬರುವ ತಾರೀಕು ನೋಡಿಕೊಂಡು ಗರ್ಭನಿರೋಧಕ ಮಾತ್ರೆ ಶುರು ಮಾಡುವ ರೂಢಿ ಮಂಗಳೂರು, ಉಡುಪಿ ಕಡೆ ಇದೆ. ಮಾತ್ರೆಗೆ ಬೇಕಾದದ್ದು ವಿಮಾನದ ತಾರೀಕಲ್ಲ, ಮುಟ್ಟಿನ ತಾರೀಕು. ಮುಟ್ಟಾದ 5 ದಿನದೊಳಗೆ ಶುರು ಮಾಡಿದರೆ ಕೂಡಲೇ ರಕ್ಷಣೆ. ತಡವಾದರೆ ಮೊದಲ 7 ದಿನ ಕಾಂಡೋಮ್ ಬೇಕೇ ಬೇಕು.

ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತವಾಗಿ ಸಿಗುವ ಮಾಲಾ-ಎನ್ ಪಟ್ಟಿಯಲ್ಲಿ 28 ಮಾತ್ರೆ: 21 ಹಾರ್ಮೋನಿನವು, ಕೊನೆಯ 7 ಬರೀ ಕಬ್ಬಿಣದವು. ಆ ಏಳು ದಿನ ಅಂಡಾಶಯ ಮೆಲ್ಲಗೆ ಎಚ್ಚರಾಗುತ್ತಿರುತ್ತದೆ. ಹೊಸ ಪಟ್ಟಿ ತೆರೆಯುವುದು ಎರಡು ದಿನ ತಡವಾದರೂ ಅಂಡ ಹೊರಬರಬಹುದು. ಹೆಚ್ಚಿನವರು ಎಡವುವುದು ಇಲ್ಲೇ. ಮರೆವು ಸೇರಿ ವರ್ಷಕ್ಕೆ ನೂರರಲ್ಲಿ ಸುಮಾರು 7 ಮಂದಿ ಗರ್ಭ ಧರಿಸುತ್ತಾರೆ. ಕಾಪರ್‌-ಟಿಯಲ್ಲಿ (ಗರ್ಭಕೋಶದೊಳಗೆ ಇಡುವ ವಂಕಿ) ಒಬ್ಬರಿಗಿಂತ ಕಡಿಮೆ. ರಕ್ತದೊತ್ತಡ ಇದ್ದವರು, ಕಣ್ಣೆದುರು ಮಿಂಚು ಕಂಡು ಮೈಗ್ರೇನ್ ಬರುವವರು, ಆರು ತಿಂಗಳೊಳಗಿನ ಮಗುವಿಗೆ ಹಾಲೂಡುವವರು ಈ ಮಾತ್ರೆ ನುಂಗಬಾರದು.

ವಂಕಿ, ಅಂದರೆ ಕಾಪರ್‌-ಟಿ 380ಎ, ಹತ್ತು ವರ್ಷ ಬಾಳುತ್ತದೆ. ಹಾರ್ಮೋನಿಲ್ಲ, ತಾಮ್ರವೇ ವೀರ್ಯಾಣುಗಳ ಚಲನೆ ಕೆಡಿಸುತ್ತದೆ. ಹೆರಿಗೆಯಾದ 48 ಗಂಟೆಯೊಳಗೆ ಹಾಕಿಸಬಹುದು, ಇಲ್ಲವಾದರೆ ಆರು ವಾರ ಕಾಯಬೇಕು. ಆದರೆ ಮೊದಲ ಕೆಲವು ತಿಂಗಳು ಮುಟ್ಟಿನ ರಕ್ತ, ಹೊಟ್ಟೆನೋವು ಎರಡೂ ಹೆಚ್ಚು. ಮೊದಲೇ ರಕ್ತಹೀನತೆ ಇದ್ದು ಮುಟ್ಟಿನಲ್ಲಿ ಹೆಚ್ಚು ರಕ್ತ ಹೋಗುವವರಿಗೆ ನಮ್ಮ ಸಲಹೆ ಹಾರ್ಮೋನ್ ವಂಕಿ. ಅದರಲ್ಲಿರುವ 52 ಮಿಲಿಗ್ರಾಂ ಲೆವೊನಾರ್‌ಜೆಸ್ಟ್ರೆಲ್ ಎಂಬ ಹಾರ್ಮೋನ್ ದಿನಕ್ಕಿಷ್ಟು ಒಸರಿ ಗರ್ಭಕೋಶದ ಒಳಪದರವನ್ನು ತೆಳುವಾಗಿಸುತ್ತದೆ. ಕೆಲವು ತಿಂಗಳು ಆಗಾಗ ಕಲೆ ಬಿದ್ದು, ಆಮೇಲೆ ಮುಟ್ಟು ಕಡಿಮೆಯಾಗುತ್ತದೆ, ಕೆಲವರಿಗೆ ನಿಂತೇ ಹೋಗುತ್ತದೆ. "ಕೆಟ್ಟ ರಕ್ತ ಒಳಗೇ ಕಟ್ಟಿಕೊಳ್ಳುತ್ತದೆ" ಎನ್ನುವುದು ಸುಳ್ಳು. ಪದರವೇ ಬೆಳೆಯದಿದ್ದರೆ ಉದುರಲು ಏನಿದೆ? ಬೆಲೆ ಮಾತ್ರ ದುಬಾರಿ.

ವಂಕಿ ಯಾವುದೇ ಇರಲಿ, ಮುಟ್ಟಿನ ದಿನಗಳು ಮುಗಿದ ಮೇಲೆ ಅದರ ತುದಿಯ ನೂಲು ನೋಡಿಕೊಳ್ಳಿ. ಕೈ ತೊಳೆದು, ಕುಕ್ಕರುಗಾಲಲ್ಲಿ ಕುಳಿತು ಬೆರಳು ಒಳಗೆ ಹಾಕಿದರೆ ಮೂಗಿನ ತುದಿಯಷ್ಟು ಗಟ್ಟಿಯಾದ ಗರ್ಭಕಂಠ ಸಿಗುತ್ತದೆ, ಅದರಿಂದ ಇಳಿದ ನೂಲು ತಾಗುತ್ತದೆ. ಎಳೆಯಬೇಡಿ. ನೂಲು ಸಿಗದಿದ್ದರೆ, ಇಲ್ಲವೇ ಗಟ್ಟಿ ಪ್ಲಾಸ್ಟಿಕ್ ತಾಗಿದರೆ, ವಂಕಿ ಜಾರಿರಬಹುದು. ವೈದ್ಯರು ನೋಡುವವರೆಗೆ ಕಾಂಡೋಮ್ ಬಳಸಿ. ಜ್ವರ, ಕೆಟ್ಟ ವಾಸನೆಯ ಬಿಳಿಸೆರಗು, ಕೆಳಹೊಟ್ಟೆಯ ನೋವು ಕಂಡರೆ ಅದೇ ದಿನ ಹೋಗಿ.

ಮೂರು ತಿಂಗಳಿಗೊಮ್ಮೆ ಕೊಡುವ 'ಅಂತರ' ಇಂಜೆಕ್ಷನ್ನಿನಲ್ಲಿ ಮರೆವಿನ ಕಾಟ ಕಡಿಮೆ. ಸೂಜಿ ಚುಚ್ಚಿದ ಜಾಗವನ್ನು ತಿಕ್ಕಬೇಡಿ, ಬಿಸಿ ಶಾಖ ಕೊಡಬೇಡಿ. ಹಾಗೆ ಮಾಡಿದರೆ ಔಷಧಿ ಬೇಗ ಕರಗಿಹೋಗುತ್ತದೆ. ವಂಕಿ ತೆಗೆಸಿದ ತಿಂಗಳಲ್ಲೇ ಗರ್ಭ ನಿಲ್ಲಬಹುದು. ಆದರೆ ಅಂತರ ನಿಲ್ಲಿಸಿದರೆ, ಕೊನೆಯ ಇಂಜೆಕ್ಷನ್ನಿನಿಂದ ಸಾಮಾನ್ಯವಾಗಿ 7ರಿಂದ 10 ತಿಂಗಳು ಬೇಕು. ಮುಂದಿನ ರಜೆಯಲ್ಲೇ ಮಗು ಬೇಕೆನ್ನುವವರು ಸೂಜಿ ಹಾಕಿಸುವ ಮೊದಲೇ ಈ ಮಾತನ್ನು ವೈದ್ಯರಲ್ಲಿ ಎತ್ತಿ.