ಎಲೆ ಕಟ್ಟಿಸಿದ ಮನೆ

ಬಣ್ಣದ ತೊಟ್ಟಿಯಿಂದ ಮೇಲೆತ್ತಿದಾಗ ಬಟ್ಟೆ ಹಳದಿ ಬೆರೆತ ಹಸಿರು. ಗಾಳಿ ತಾಗಿದ್ದೇ ತಡ, ನೋಡನೋಡುತ್ತ ನೀಲಿಗೆ ತಿರುಗುತ್ತದೆ. ಈ ನೀಲಿಯನ್ನು ಮಾರಿಯೇ ದಕ್ಷಿಣ ಫ್ರಾನ್ಸಿನ ತುಲೂಜ್ ನಗರದಲ್ಲಿ ಪಿಯೇರ್ ದಾಸೆಜಾ ಎಂಬ ವರ್ತಕ ಅರಮನೆಯಂಥ ಮನೆ ಕಟ್ಟಿಸಿದ. ಹೆಸರು ಹೋಟೆಲ್ ದಾಸೆಜಾ. ಊಟ ವಸತಿಯ ಹೋಟೆಲ್ ಅಲ್ಲ. ಅಲ್ಲಿ ಸಿರಿವಂತರ ಪಟ್ಟಣದ ಮನೆಗೂ ಅದೇ ಹೆಸರು.

1555ರಲ್ಲಿ ಕೆಲಸ ಹಿಡಿದವನು ವಾಸ್ತುಶಿಲ್ಪಿ ನಿಕೊಲಾ ಬಾಶ್ಲಿಯೇ. ಅಂಗಳದಲ್ಲಿ ನಿಂತು ತಲೆಯೆತ್ತಿದರೆ ಅಂತಸ್ತಿಗೊಂದು ಬಗೆಯ ಪ್ರಾಚೀನ ಗ್ರೀಕ್ ಶೈಲಿಯ ಜೋಡಿಗಂಬಗಳು: ಕೆಳಗೆ ಡೋರಿಕ್, ನಡುವೆ ಅಯೋನಿಕ್, ಮೇಲೆ ಕೊರಿಂಥಿಯನ್. ಗರೋನ್ ನದಿಯ ಬಯಲಿನಲ್ಲಿ ಜೇಡಿಮಣ್ಣು ಧಾರಾಳ, ಒಳ್ಳೆಯ ಕಲ್ಲು ದುರ್ಲಭ. ಹಾಗಾಗಿ ಗೋಡೆಗೆ ಇಟ್ಟಿಗೆ, ಅಲಂಕಾರಕ್ಕೆ ದೂರದಿಂದ ತಂದ ಕಲ್ಲು. ಆ ಕಂಬಗಳೇ ಯಜಮಾನನ ದೌಲತ್ತು ಸಾರುತ್ತಿದ್ದವು.

ದುಡ್ಡು ತಂದ ಗಿಡ ಪಾಸ್ತೆಲ್, ಸಾಸಿವೆಯ ಕುಟುಂಬದ್ದು. ಹೂವು ಹಳದಿ, ಎಲೆ ಹಸಿರು, ನೀಲಿಯ ಸುಳಿವೇ ಇಲ್ಲ. ಎಲೆಯೊಳಗೆ ಬಣ್ಣದ ಮೂಲವಸ್ತು ಸಕ್ಕರೆಯೊಂದಿಗೆ ಬೆಸೆದುಕೊಂಡು ಬಣ್ಣವಿಲ್ಲದೆ ಕೂತಿರುತ್ತದೆ. ಅರೆದಾಗ ಆ ಬೆಸುಗೆ ಬಿಟ್ಟು, ಆಮ್ಲಜನಕ ಕೂಡಿ ಇಂಡಿಗೊ ಎಂಬ ನೀಲಿ ಬಣ್ಣ ಹುಟ್ಟುತ್ತದೆ. ಅರೆದ ಎಲೆಯನ್ನು ಉಂಡೆ ಕಟ್ಟಿ ಒಣಗಿಸಿ, ಮತ್ತೆ ಪುಡಿಮಾಡಿ, ನೀರು ಹಾಕಿ ವಾರಗಟ್ಟಲೆ ಕೊಳೆಸುತ್ತಿದ್ದರು. ನಾತ ಸಹಿಸಲಸಾಧ್ಯ!

ಇಂಡಿಗೊ ನೀರಿನಲ್ಲಿ ಕರಗುವುದಿಲ್ಲ. ಬಣ್ಣಗಾರರ ತೊಟ್ಟಿಯಲ್ಲಿ ಬ್ಯಾಕ್ಟೀರಿಯಾಗಳು ಅದಕ್ಕೆ ಎಲೆಕ್ಟ್ರಾನು ಕೊಟ್ಟು ಕರಗುವ ರೂಪಕ್ಕೆ ತರುತ್ತವೆ. ಆಗ ಅದು ನೂಲಿನೊಳಕ್ಕೆ ಇಳಿಯುತ್ತದೆ. ಹೊರಗಿನ ಗಾಳಿ ಮತ್ತೆ ಕರಗದ ಇಂಡಿಗೊ ಮಾಡಿ ಅಲ್ಲೇ ಸೆರೆಹಾಕುತ್ತದೆ. ಒಗೆದರೂ ಬಣ್ಣ ಬಿಡದಿರುವುದು ಇದರಿಂದಲೇ. ಆ ಗುಟ್ಟನ್ನು ರಸಾಯನಶಾಸ್ತ್ರ ಹುಟ್ಟುವ ಮೊದಲೇ ಕೈಯಳತೆಯಲ್ಲಿ ಕಂಡುಕೊಂಡವರ ಬಗ್ಗೆ ನನಗೆ ಅಪಾರ ಗೌರವ.

1562ರಲ್ಲಿ ಕ್ಯಾಥೊಲಿಕರಿಗೂ ಪ್ರೊಟೆಸ್ಟೆಂಟರಿಗೂ ನಡುವೆ ಧರ್ಮಯುದ್ಧಗಳು ಶುರುವಾದವು; ಪ್ರೊಟೆಸ್ಟೆಂಟನಾಗಿದ್ದ ದಾಸೆಜಾ ಊರು ಬಿಡಬೇಕಾಯಿತು. ಬಾಶ್ಲಿಯೇ ಅಷ್ಟರಲ್ಲಾಗಲೇ ತೀರಿಕೊಂಡು, ಕೆಲಸವನ್ನು ಮಗ ದೊಮಿನಿಕ್ ಮುಂದುವರಿಸಿದ್ದ. ಪಾಸ್ತೆಲ್ ವ್ಯಾಪಾರ ಕುಸಿಯಿತು. ಮುಂದೆ ನಮ್ಮ ದೇಶದ ನೀಲಿ ಗಿಡದ ಬಣ್ಣ ಹಡಗೇರಿ ಯುರೋಪಿಗೆ ಬಂತು. ಅಣು ಅದೇ, ಆದರೆ ಎಲೆಯಲ್ಲಿ ಅದರ ಪ್ರಮಾಣ ಹಲವು ಪಟ್ಟು. 1609ರಲ್ಲಿ ಫ್ರಾನ್ಸಿನ ದೊರೆ ನಾಲ್ಕನೇ ಹೆನ್ರಿ ಹೀಗೆ ಹೊರಗಿನಿಂದ ಬರುತ್ತಿದ್ದ ಇಂಡಿಗೊ ಬಳಕೆಯನ್ನೇ ನಿಷೇಧಿಸಿದ. ಆದರೂ ಪಾಸ್ತೆಲ್ ಮತ್ತೆ ಚೇತರಿಸಿಕೊಳ್ಳಲಿಲ್ಲ.

ಮನೆ ಮಾತ್ರ ಉಳಿಯಿತು. 1914ರಿಂದ ಅದು ಸಂರಕ್ಷಿತ ಸ್ಮಾರಕ. ಈಗ ಒಳಗೆ ಬೆಂಬರ್ಗ್ ಪ್ರತಿಷ್ಠಾನದ ಚಿತ್ರಸಂಗ್ರಹವಿದೆ.