ನಿಧಾನಕ್ಕೆ ಏರುವ ನಂಜು

1992ರ ಸುಮಾರಿಗೆ ಬೆಲ್ಜಿಯಂನ ಬ್ರಸೆಲ್ಸ್‌ನಲ್ಲಿ ಕಿಡ್ನಿ ಡಾಕ್ಟರುಗಳ ಹತ್ತಿರ ಒಂದೇ ಥರದ ರೋಗಿಗಳು ಬರತೊಡಗಿದರು. ಎಲ್ಲರೂ ಹೆಂಗಸರು, ಐವತ್ತು ದಾಟದವರು. ಕಿಡ್ನಿಯ ಚೂರು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ರಕ್ತ ಸೋಸುವ ಗಂಟುಗಳು ಹೆಚ್ಚೂಕಡಿಮೆ ನೆಟ್ಟಗಿದ್ದವು. ಆದರೆ ಅವುಗಳ ನಡುವಿನ ಸಣ್ಣ ನಳಿಕೆಗಳು ಸವೆದು ಹೋಗಿ, ಆ ಜಾಗದಲ್ಲಿ ಗಾಯದ ಕಲೆಯಂತೆ ಗಟ್ಟಿ ನಾರು ತುಂಬಿಕೊಂಡಿತ್ತು. ವಿಚಾರಿಸಿದಾಗ ಗೊತ್ತಾಯಿತು: ಎಲ್ಲರೂ ತೂಕ ಇಳಿಸಲು ಒಂದೇ ಕ್ಲಿನಿಕ್ಕಿಗೆ ಹೋಗಿದ್ದವರು.

ಆ ಕ್ಲಿನಿಕ್ ವರ್ಷಗಟ್ಟಲೆ ನಡೆದಿತ್ತು. ಅಲ್ಲಿವರೆಗೆ ಇಂಥದ್ದೇನೂ ಆಗಿರಲಿಲ್ಲ. 1990ರಲ್ಲಿ ಔಷಧಿಗೆ ಎರಡು ಚೀನೀ ಮೂಲಿಕೆಗಳು ಹೊಸದಾಗಿ ಸೇರಿದ್ದವು, ಅಷ್ಟೇ. ಅವುಗಳಲ್ಲಿ ಒಂದು ‘ಹಾನ್ ಫಾಂಗ್‌ಜಿ’, ಅಂದರೆ ಸ್ಟೆಫಾನಿಯಾ ಬಳ್ಳಿಯ ಬೇರು ಆಗಿರಬೇಕಿತ್ತು. ಬಂದದ್ದು ‘ಗ್ವಾಂಗ್ ಫಾಂಗ್‌ಜಿ’, ಅರಿಸ್ಟೊಲೋಕಿಯಾ ಎಂಬ ಬೇರೆಯೇ ಗಿಡದ ಬೇರು. ಪುಡಿ ಮಾಡಿದ ಮೇಲೆ ಯಾವುದು ಯಾವುದೆಂದು ಕಣ್ಣಿಗೆ ಹೇಗೆ ತಿಳಿಯಬೇಕು? ಕೊನೆಗೆ ನೂರಕ್ಕೂ ಜಾಸ್ತಿ ಜನರ ಕಿಡ್ನಿ ಕೆಟ್ಟಿತು.

ಹೆಸರು ಅದಲು ಬದಲಾಗಿ ಆದ ಎಡವಟ್ಟು ಅಂತ ಇದನ್ನು ಅಲ್ಲಿಗೇ ಮುಗಿಸಬಹುದಿತ್ತು. ನನಗೆ ಕಾಡುವುದು ಬೇರೆ. ತಪ್ಪಿ ಬಂದ ಆ ಗಿಡವೇನೂ ಬರೀ ಕಳೆಯಲ್ಲ, ಹಳೆಯ ಮದ್ದು. ಅರಿಸ್ಟೊಲೋಕಿಯಾ ಅನ್ನುವ ಗ್ರೀಕ್ ಹೆಸರಿನ ಅರ್ಥವೇ ‘ಹೆರಿಗೆಗೆ ಉತ್ತಮ’ ಅಂತ. ನಾವು ಈಶ್ವರಿ ಬಳ್ಳಿ ಅನ್ನುವುದೂ ಇದೇ ಕುಲದ್ದು. ಎರಡು ಸಾವಿರ ವರ್ಷ ಬಳಸಿದ ಮದ್ದು ಕಿಡ್ನಿ ತಿನ್ನುತ್ತದೆ ಅನ್ನುವುದು ಯಾರಿಗೂ ಗೊತ್ತಾಗಲಿಲ್ಲ ಅಂದರೆ ಹೇಗೆ?

ಬೇಗ ಏರುವ ನಂಜಾಗಿದ್ದರೆ ಗೊತ್ತಾಗುತ್ತಿತ್ತು. ವತ್ಸನಾಭಿಯನ್ನೇ ನೋಡಿ. ಹಸಿ ಬೇರು ತಿಂದರೆ ಸ್ವಲ್ಪ ಹೊತ್ತಿಗೇ ನಾಲಿಗೆ, ತುಟಿ ಜೋಮು ಹಿಡಿಯುತ್ತವೆ. ಆಮೇಲೆ ಎದೆಬಡಿತ ತಾಳ ತಪ್ಪುತ್ತದೆ. ತಿಂದದ್ದಕ್ಕೂ ಸತ್ತದ್ದಕ್ಕೂ ನಡುವೆ ಕೆಲವೇ ಗಂಟೆ. ಅದಕ್ಕೇ ಹಳೆಯ ವೈದ್ಯರು ಅದನ್ನು ಗಂಟೆಗಟ್ಟಲೆ ಕುದಿಸಿ ಶುದ್ಧಿ ಮಾಡದೆ ಮುಟ್ಟುತ್ತಿರಲಿಲ್ಲ. ಅದೇನೂ ಸುಮ್ನೆ ಶಾಸ್ತ್ರಕ್ಕಲ್ಲ. ನೀರು, ಬಿಸಿ ಸೇರಿದರೆ ಅದರಲ್ಲಿರುವ ಅಕೊನಿಟಿನ್ ಎಂಬ ನಂಜು ಒಡೆದು, ಅದಕ್ಕಿಂತ ಎಷ್ಟೋ ಕಡಿಮೆ ನಂಜಿನ ವಸ್ತುವಾಗುತ್ತದೆ.

ಪ್ರಮಾಣದ ಪಾಠವೂ ಹೀಗೇ ಬಂತು. ಇಂಗ್ಲೆಂಡಿನ ವೈದ್ಯ ವಿಲಿಯಂ ವಿದರಿಂಗ್‌ಗೆ 1775ರಲ್ಲಿ ಮೈ ಊದಿಕೊಳ್ಳುವ ಕಾಯಿಲೆಗೆ ಕೊಡುವ ಒಂದು ಮನೆಮದ್ದು ಸಿಕ್ಕಿತು. ಇಪ್ಪತ್ತಕ್ಕೂ ಹೆಚ್ಚು ಮೂಲಿಕೆ ಸೇರಿದ ಮದ್ದು. ಕೆಲಸ ಮಾಡುತ್ತಿದ್ದದ್ದು ಡಿಜಿಟಾಲಿಸ್ ಎಂಬ ಗಿಡದ ಎಲೆ ಒಂದೇ. ಹತ್ತು ವರ್ಷ ರೋಗಿಗಳಿಗೆ ಕೊಟ್ಟು, ಗುಣವಾದವರ ಜೊತೆ ವಾಂತಿ ಮಾಡಿಕೊಂಡವರ, ಸತ್ತವರ ಲೆಕ್ಕವನ್ನೂ 1785ರಲ್ಲಿ ಅಚ್ಚು ಹಾಕಿಸಿದ. ಸೋತದ್ದನ್ನೂ ಬರೆದಿಟ್ಟ ಅವನ ಮೇಲೆ ನನಗೆ ತುಂಬಾ ಗೌರವ.

ಆದರೆ ಅರಿಸ್ಟೊಲೋಕಿಯಾ ಈ ಲೆಕ್ಕಕ್ಕೆ ಸಿಗುವುದಿಲ್ಲ. ಇದರ ಅರಿಸ್ಟೊಲೋಕಿಕ್ ಆಮ್ಲ ಜೀವಕೋಶದ ಡಿಎನ್‌ಎಗೆ ಅಂಟಿಕೊಂಡು ವರ್ಷಗಟ್ಟಲೆ ಅಲ್ಲೇ ಕೂರುತ್ತದೆ. ಮೊದಲು ಕಿಡ್ನಿ ಸೋಲುತ್ತದೆ, ಆಮೇಲೆ ಕ್ಯಾನ್ಸರ್. ಬ್ರಸೆಲ್ಸ್‌ನ ರೋಗಿಗಳಲ್ಲಿ 39 ಮಂದಿಯ ಕಿಡ್ನಿ, ಮೂತ್ರನಾಳ ಮುಂಜಾಗ್ರತೆಗೆಂದು ತೆಗೆದು ಪರೀಕ್ಷಿಸಿದಾಗ 18 ಮಂದಿಯಲ್ಲಿ ಕ್ಯಾನ್ಸರ್ ಇತ್ತು. ಇದು ವರದಿಯಾದದ್ದು 2000ದಲ್ಲಿ. ಯಾವಾಗಲೋ ಕುಡಿದ ಮದ್ದನ್ನೂ ಎಷ್ಟೋ ವರ್ಷದ ಮೇಲೆ ಬಂದ ಕಾಯಿಲೆಯನ್ನೂ ಯಾವ ವೈದ್ಯ ತಾನೇ ಜೋಡಿಸಿ ನೋಡಿಯಾನು?

ಜೋಡಿಸಲು ಆಗದೇ ಹೋದದ್ದಕ್ಕೆ ಆಗ್ನೇಯ ಯುರೋಪಿನ ಬಾಲ್ಕನ್ ಹಳ್ಳಿಗಳೇ ಸಾಕ್ಷಿ. ಡ್ಯಾನ್ಯೂಬ್‌ನ ಉಪನದಿಗಳ ದಂಡೆಯಲ್ಲಿ ಕೆಲವು ಹಳ್ಳಿಗಳ ರೈತರಿಗೆ ಮಾತ್ರ ಕಿಡ್ನಿ ಕಾಯಿಲೆ ಬರುತ್ತಿತ್ತು. 1950ರ ದಶಕದಿಂದ ಡಾಕ್ಟರುಗಳು ತಲೆ ಕೆಡಿಸಿಕೊಂಡರು. ನೀರು, ಬೂಷ್ಟು, ವಂಶ, ಎಲ್ಲದರ ಮೇಲೂ ಅನುಮಾನ ಪಟ್ಟರು. ಕಾರಣ ಗೋಧಿ ಹೊಲದ ಕಳೆಯಾಗಿತ್ತು: ಅದರ ಜೊತೆ ಬೆಳೆದ ಅರಿಸ್ಟೊಲೋಕಿಯಾ. ಅದರ ಬೀಜ ಗೋಧಿಯೊಂದಿಗೆ ಹಿಟ್ಟಾಗಿ ಬ್ರೆಡ್ಡಿಗೆ ಸೇರುತ್ತಿತ್ತು. 1969ರಲ್ಲೇ ಒಬ್ಬರು ಈ ಅನುಮಾನ ಹೇಳಿದ್ದರು. ರೋಗಿಗಳ ಡಿಎನ್‌ಎಯಲ್ಲಿ ಅದರ ಗುರುತು ತೋರಿಸಿಕೊಟ್ಟದ್ದು 2007ರಲ್ಲಿ.

2002ರಲ್ಲಿ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಈ ಗಿಡವಿರುವ ಮದ್ದುಗಳನ್ನು ‘ಕ್ಯಾನ್ಸರ್ ತರುವುದು ಖಚಿತ’ ಅನ್ನುವ ಪಟ್ಟಿಗೆ ಹಾಕಿತು.

ಇನ್ನೊಂದು ಥರದ ತೊಂದರೆಯಲ್ಲಿ ಗಿಡಕ್ಕೆ ನಂಜೇ ಬೇಕಿಲ್ಲ. ಸೇಂಟ್ ಜಾನ್ಸ್ ವರ್ಟ್ ಅಂತ ಮನಸ್ಸಿನ ಬೇಸರಕ್ಕೆ ತಗೊಳ್ಳುವ ಮೂಲಿಕೆ ಇದೆ. ಅದು ಲಿವರ್‌ನ ಒಂದು ಕಿಣ್ವವನ್ನು ಚುರುಕು ಮಾಡುತ್ತದೆ. ಆಗ ಬೇರೆ ಮಾತ್ರೆಗಳು ರಕ್ತದಿಂದ ಬೇಗ ಖಾಲಿಯಾಗುತ್ತವೆ. ಹೃದಯ ಕಸಿ ಮಾಡಿಸಿಕೊಂಡಿದ್ದ ಇಬ್ಬರ ದೇಹ ಹೊಸ ಹೃದಯವನ್ನು ತಿರಸ್ಕರಿಸತೊಡಗಿದ್ದು 2000ದಲ್ಲಿ ವರದಿಯಾಯಿತು. ಕಸಿಯನ್ನು ದೇಹ ತಿರಸ್ಕರಿಸದಂತೆ ತಡೆಯುವ ಸೈಕ್ಲೋಸ್ಪೊರಿನ್ ಮಾತ್ರೆಯನ್ನು ಇಬ್ಬರೂ ತಪ್ಪಿಸಿರಲಿಲ್ಲ. ಜೊತೆಗೆ ಈ ಮೂಲಿಕೆಯನ್ನೂ ಶುರುಮಾಡಿದ್ದರು. ‘ಬೇರೆ ಏನಾದರೂ ಔಷಧಿ ತಗೊಳ್ತೀರಾ’ ಅಂತ ಡಾಕ್ಟರ್ ಕೇಳಿದರೆ ‘ಇಲ್ಲ’ ಅಂದುಬಿಡುತ್ತೇವೆ. ಕಷಾಯ ಔಷಧಿ ಅಲ್ಲವಲ್ಲ, ಅಲ್ವಾ.