ರೂಪಾಯಿ–ಡಾಲರ್ ಹಳೇ ದರ: 36.5 ಮತ್ತು 57.5ರ ಗಂಟು ಬಿಡಿಸೋಣ

ರೂಪಾಯಿಯ ಅಪಮೌಲ್ಯ (ಹೊರದೇಶದ ಹಣದ ಎದುರು ರೂಪಾಯಿಯ ಬೆಲೆಯನ್ನು ಸರ್ಕಾರವೇ ಇಳಿಸುವುದು) ಅಂದ ಕೂಡಲೇ 1949, 1966, 1991 ಅಂತ ಮೂರು ಇಸವಿ ಬಾಯಿಪಾಠ ಮಾಡಿಕೊಳ್ಳುತ್ತೇವೆ. ಅದೇನೂ ಕಷ್ಟವಿಲ್ಲ. ಇಸವಿಯ ಪಕ್ಕದ ಶೇಕಡಾ ಲೆಕ್ಕವೇ ಕೈಕೊಡುವುದು. 1966ರಲ್ಲಿ ರೂಪಾಯಿಯನ್ನು ಶೇ 36.5ರಷ್ಟು ಇಳಿಸಿದರು ಅಂತ ಒಂದು ಕಡೆ ಓದುತ್ತೇವೆ. ಇನ್ನೊಂದು ಕಡೆ ಅದೇ ಘಟನೆಗೆ ಶೇ 57.5 ಅಂತ ಇರುತ್ತದೆ. ಎರಡೂ ಸರಿ. ಹೇಗೆ ಅನ್ನುವುದು ನನ್ನ ತಲೆಯಲ್ಲೂ ಗಟ್ಟಿಯಾಗಿ ಕೂರಲಿ ಅಂತ ಈ ಟಿಪ್ಪಣಿ.

ಮೊದಲು ಪೌಂಡ್, ಆಮೇಲೆ ಡಾಲರ್

1947ರಲ್ಲಿ ಒಂದು ರೂಪಾಯಿಗೆ ಒಂದು ಡಾಲರ್ ಸಿಗುತ್ತಿತ್ತು ಅನ್ನುವ ಮಾತು ವಾಟ್ಸಾಪ್‌ನಲ್ಲಿ ಓಡಾಡುತ್ತಲೇ ಇರುತ್ತದೆ. ಅದನ್ನು ನಂಬಬೇಡಿ. ಆಗ ರೂಪಾಯಿಯನ್ನು ಕಟ್ಟಿಹಾಕಿದ್ದು ಬ್ರಿಟಿಷ್ ಪೌಂಡಿಗೆ. 1 ರೂಪಾಯಿಗೆ 1 ಶಿಲ್ಲಿಂಗ್ 6 ಪೆನ್ಸ್ ಅಂತ 1927ರ ಕಾನೂನಿನಲ್ಲೇ ಗೊತ್ತು ಮಾಡಿದ್ದರು. ಹಳೇ ಪೌಂಡಿಗೆ 20 ಶಿಲ್ಲಿಂಗ್, ಶಿಲ್ಲಿಂಗಿಗೆ 12 ಪೆನ್ಸ್, ಒಟ್ಟು 240 ಪೆನ್ಸ್. ಒಂದು ರೂಪಾಯಿಗೆ 18 ಪೆನ್ಸ್. 240ನ್ನು 18ರಿಂದ ಭಾಗಿಸಿದರೆ 13.33. ಅಂದರೆ ಒಂದು ಪೌಂಡಿಗೆ 13 ರೂಪಾಯಿ 5 ಆಣೆ 4 ಪೈ.

ಡಾಲರ್ ದರ ಬೇಕಾದರೆ ಪೌಂಡಿನ ಮೂಲಕ ಹೋಗಬೇಕು. ಆಗ ಒಂದು ಪೌಂಡಿಗೆ 4.03 ಡಾಲರ್. 4.03ನ್ನು 13.33ರಿಂದ ಭಾಗಿಸಿದರೆ ಒಂದು ರೂಪಾಯಿಗೆ 30.225 ಸೆಂಟ್ಸ್. ತಿರುಗಿಸಿದರೆ ಒಂದು ಡಾಲರ್‌ಗೆ ಸುಮಾರು 3 ರೂಪಾಯಿ 31 ಪೈಸೆ. ಸ್ವಾತಂತ್ರ್ಯ ಬಂದಾಗ ಇದ್ದ ದರ ಇದು.

ಸೆಪ್ಟೆಂಬರ್ 1949ರಲ್ಲಿ ಬ್ರಿಟನ್ ಪೌಂಡನ್ನು 4.03ರಿಂದ 2.80 ಡಾಲರ್‌ಗೆ ಇಳಿಸಿತು. ಭಾರತವೂ ಹಿಂದೆಯೇ ಇಳಿಸಿತು. ಪೌಂಡಿಗೆ 13.33 ರೂಪಾಯಿ ಹಾಗೇ ಉಳಿಯಿತು, ಡಾಲರ್ ಮಾತ್ರ 4.76 ರೂಪಾಯಿ ಆಯಿತು. ಅಂದರೆ ಒಂದು ರೂಪಾಯಿಗೆ ಸರಿಯಾಗಿ 21 ಸೆಂಟ್ಸ್. ಈ 21 ಅನ್ನುವ ಸಂಖ್ಯೆ ನೆನಪಿಟ್ಟುಕೊಳ್ಳಿ, ಮುಂದೆ ತುಂಬ ಕೆಲಸಕ್ಕೆ ಬರುತ್ತದೆ.

ಗಂಟು ಇರುವ ಜಾಗ

6 ಜೂನ್ 1966. ಹಿಂದಿನ ವರ್ಷವಷ್ಟೇ ಪಾಕಿಸ್ತಾನದ ಜೊತೆ ಯುದ್ಧ ಆಗಿತ್ತು, ಬರ ಬಿದ್ದಿತ್ತು, ಹೊರದೇಶದ ನೆರವು ನಿಂತುಹೋಗಿತ್ತು. ಇಂದಿರಾ ಗಾಂಧಿ ಪ್ರಧಾನಿ, ಸಚೀಂದ್ರ ಚೌಧುರಿ ಹಣಕಾಸು ಮಂತ್ರಿ. ಡಾಲರ್‌ಗೆ 4.76 ಇದ್ದದ್ದು 7.50 ಆಯಿತು.

ಈಗ ನಿಧಾನವಾಗಿ ನೋಡಿ. ಡಾಲರ್ ಕೊಳ್ಳುವವನ ಕಡೆ ನಿಂತರೆ, ಮೊದಲು 4.76 ಕೊಡುತ್ತಿದ್ದವನು ಈಗ 2.74 ಜಾಸ್ತಿ ಕೊಡಬೇಕು. 2.74ನ್ನು 4.76ರಿಂದ ಭಾಗಿಸಿ. ಶೇ 57.5. ಇದು ಡಾಲರ್ ಎಷ್ಟು ಏರಿತು ಅನ್ನುವ ಲೆಕ್ಕ.

ರೂಪಾಯಿ ಹಿಡಿದವನ ಕಡೆ ನಿಂತರೆ ಪ್ರಶ್ನೆಯೇ ಬೇರೆ. ಅವನ ಒಂದು ರೂಪಾಯಿಗೆ ಮೊದಲು 21 ಸೆಂಟ್ಸ್ ಬರುತ್ತಿತ್ತು. ಈಗ 1ನ್ನು 7.50ರಿಂದ ಭಾಗಿಸಿದರೆ 13.33 ಸೆಂಟ್ಸ್. ಕಳೆದುಕೊಂಡದ್ದು 7.67. ಅದನ್ನು 21ರಿಂದ ಭಾಗಿಸಿ. ಶೇ 36.5. ಇದು ರೂಪಾಯಿ ಎಷ್ಟು ಇಳಿಯಿತು ಅನ್ನುವ ಲೆಕ್ಕ.

ಬದಲಾವಣೆ ಒಂದೇ. ಆದರೆ ಭಾಗಿಸುವ ತಳದ ಸಂಖ್ಯೆ ಬೇರೆ, ಹಾಗಾಗಿ ಶೇಕಡಾ ಕೂಡ ಬೇರೆ. ಮಾರುಕಟ್ಟೆಯಲ್ಲಿ ಬಾಳೆಹಣ್ಣಿನ ಬೆಲೆ ದುಪ್ಪಟ್ಟಾದರೆ ಏರಿಕೆ ಶೇ 100. ಆದರೆ ಅದೇ ದುಡ್ಡಿಗೆ ಸಿಗುವ ಹಣ್ಣು ಕಡಿಮೆಯಾಗುವುದು ಅರ್ಧ, ಶೇ 50 ಮಾತ್ರ. ಅದು ಯಾವತ್ತೂ ಶೇ 100 ಕಡಿಮೆಯಾಗಲಾರದು, ಹಾಗಾದರೆ ದುಡ್ಡಿಗೆ ಏನೂ ಸಿಗಬಾರದು ಅಲ್ವಾ?

ಪರೀಕ್ಷೆಯಲ್ಲಿ ಹೊತ್ತು ಉಳಿಸುವ ದಾರಿ ಹೀಗಿದೆ. ರೂಪಾಯಿ ಇಳಿದ ಪಾಲು 0.365 ಅಂತ ಕೊಟ್ಟಿದ್ದರೆ, 1ರಲ್ಲಿ ಅದನ್ನು ಕಳೆಯಿರಿ, 0.635. ಈಗ 0.365ನ್ನು 0.635ರಿಂದ ಭಾಗಿಸಿ, 0.575 ಬರುತ್ತದೆ. ತಿರುಗಾ ಬರಬೇಕಾದರೆ 0.575ನ್ನು 1.575ರಿಂದ ಭಾಗಿಸಿ. ನನಗೆ ಈ ಲೆಕ್ಕ ತುಂಬ ಇಷ್ಟ, ಯಾಕಂದರೆ ಹಳೇ ದರ, ಹೊಸ ದರ ಎರಡೂ ನೆನಪಿಲ್ಲದಿದ್ದರೂ ನಡೆಯುತ್ತದೆ. 1949ಕ್ಕೂ ಹಾಕಿ ನೋಡಿ. ರೂಪಾಯಿ ಇಳಿದದ್ದು ಶೇ 30.5. 0.305ನ್ನು 0.695ರಿಂದ ಭಾಗಿಸಿದರೆ ಸುಮಾರು 0.44. ಡಾಲರ್ ಏರಿದ್ದು ಹತ್ತಿರ ಹತ್ತಿರ ಶೇ 44.

ಇದರ ಜೊತೆಗೇ ಇನ್ನೊಂದು. ಎರಡು ಅಪಮೌಲ್ಯಗಳನ್ನು ಕೂಡಿಸಬಾರದು. 30.5 ಮತ್ತು 36.5 ಕೂಡಿಸಿ 67 ಅಂದರೆ ತಪ್ಪು. ಉಳಿದ ಪಾಲುಗಳನ್ನು ಗುಣಿಸಬೇಕು. 0.695 ಗುಣಿಸು 0.635, ಸುಮಾರು 0.441. ಅಂದರೆ 1947ರಿಂದ 1966ರ ಹೊತ್ತಿಗೆ ಒಟ್ಟು ಇಳಿತ ಶೇ 56ರ ಹತ್ತಿರ. ಸೆಂಟ್ಸ್‌ನಲ್ಲಿ ತಾಳೆ ನೋಡಿ, 30.225ರಿಂದ 13.33, ಅದೇ ಉತ್ತರ. ಜುಲೈ 1991ರಲ್ಲಿ 1ನೇ ತಾರೀಕು ಮತ್ತು 3ನೇ ತಾರೀಕು ಎರಡು ಹೆಜ್ಜೆಯಲ್ಲಿ ಇಳಿಸಿದರು, ಸುಮಾರು ಶೇ 9 ಮತ್ತು ಶೇ 11. ಅಲ್ಲೂ ಗುಣಿಸಿಯೇ ನೋಡಬೇಕು. 0.91 ಗುಣಿಸು 0.89, ಒಟ್ಟು ಇಳಿತ ಶೇ 19.

ಪಟ್ಟಿ ಓದುವಾಗ

1966ರ ಡಾಲರ್ ದರ ಅಂತ ಕೆಲವು ಪಟ್ಟಿಗಳಲ್ಲಿ 6.36 ಅಂತ ಇರುತ್ತದೆ. ಆ ವರ್ಷ ಒಂದು ದಿನವೂ ಅಧಿಕೃತ ದರ ಅಷ್ಟಿರಲಿಲ್ಲ. ಜೂನ್ 5ರವರೆಗೆ 4.76, ಆಮೇಲೆ 7.50. 6.36 ಅನ್ನುವುದು ವರ್ಷದ ಸರಾಸರಿ. ಪಟ್ಟಿ ಜನವರಿಯಿಂದ ಡಿಸೆಂಬರ್‌ಗೋ, ಏಪ್ರಿಲ್‌ನಿಂದ ಮಾರ್ಚ್‌ಗೋ ಅನ್ನುವುದನ್ನೂ ನೋಡಿಕೊಳ್ಳಿ. ಲೆಕ್ಕ ಬದಲಾಗುತ್ತದೆ.

ಪಾಕಿಸ್ತಾನ ಇಳಿಸದೇ ಉಳಿದಾಗ

1949ರಲ್ಲಿ ಭಾರತ ಇಳಿಸಿತು, ಪಾಕಿಸ್ತಾನ ಇಳಿಸಲಿಲ್ಲ. ಅದರ ರೂಪಾಯಿ 30.225 ಸೆಂಟ್ಸ್‌ನಲ್ಲೇ ನಿಂತಿತು, ನಮ್ಮದು 21. ಒಂದನ್ನೊಂದರಿಂದ ಭಾಗಿಸಿದರೆ 1.44. ಪಾಕಿಸ್ತಾನದ 100 ರೂಪಾಯಿಗೆ ನಮ್ಮ 144 ರೂಪಾಯಿ. ಅಲ್ಲಿಯವರೆಗೆ ಒಂದಕ್ಕೊಂದು ಸಮ ಇದ್ದ ಎರಡು ರೂಪಾಯಿಗಳು. ಭಾರತ ಈ ದರ ಒಪ್ಪಲಿಲ್ಲ, ವ್ಯಾಪಾರ ಸ್ಥಗಿತವಾಯಿತು. ಆಗ ಪಾಕಿಸ್ತಾನದ ಭಾಗವಾಗಿದ್ದ ಪೂರ್ವ ಬಂಗಾಳದ ಸೆಣಬನ್ನೇ ನೆಚ್ಚಿಕೊಂಡಿದ್ದ ಕಲ್ಕತ್ತದ ಗಿರಣಿಗಳಿಗೆ ದೊಡ್ಡ ಪೆಟ್ಟು ಬಿತ್ತು. ಜುಲೈ 1955ರಲ್ಲಿ ಪಾಕಿಸ್ತಾನವೂ ತನ್ನ ರೂಪಾಯಿ ಇಳಿಸಿದಾಗ ಎರಡೂ ಮತ್ತೆ ಸಮವಾದವು.

ಕೊನೆಗೆ ಒಂದು ಅಭ್ಯಾಸ. ನವೆಂಬರ್ 1967ರಲ್ಲಿ ಬ್ರಿಟನ್ ಪೌಂಡನ್ನು 2.80ರಿಂದ 2.40 ಡಾಲರ್‌ಗೆ ಇಳಿಸಿತು. ಈ ಸಲ ಭಾರತ ಹಿಂದೆ ಹೋಗಲಿಲ್ಲ, ಡಾಲರ್ 7.50ರಲ್ಲೇ ಇತ್ತು. ಪೌಂಡಿನ ದರ ಎಷ್ಟರಿಂದ ಎಷ್ಟಕ್ಕೆ ಬಂತು? 2.80 ಗುಣಿಸು 7.50, 21 ರೂಪಾಯಿ. 2.40 ಗುಣಿಸು 7.50, 18 ರೂಪಾಯಿ. ಪೌಂಡ್ ಇಳಿದದ್ದು 21ಕ್ಕೆ 3, ಶೇ 14.3. ಪೌಂಡಿನ ಎದುರು ರೂಪಾಯಿ ಏರಿದ್ದು 18ಕ್ಕೆ 3, ಶೇ 16.7.